ಕನ್ನಡಕ ಒರೆಸುವಷ್ಟು ಹೊತ್ತು

ಕೇಶವಯ್ಯನವರು ಪ್ರಶ್ನೆ ಕೇಳಿದ ಮೇಲೆ ಕನ್ನಡಕ ತೆಗೆಯುತ್ತಿದ್ದರು. ಜೇಬಿನಿಂದ ಮಡಿಸಿಟ್ಟ ಕರವಸ್ತ್ರ ತೆಗೆದು, ಬಿಡಿಸಿ, ಎಡಗಾಜಿಗೆ ಬಾಯಿಂದ ಹಬೆ ಹಾಕಿ ಒರೆಸಿ, ಬಲಗಾಜಿಗೂ ಹಬೆ ಹಾಕಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಕರವಸ್ತ್ರವನ್ನು ಮತ್ತೆ ಅದೇ ಮಡಿಕೆಗೆ ತಂದು ಜೇಬಿಗೆ ಸೇರಿಸಿ, ಆಮೇಲೆ ಕನ್ನಡಕ ಮೂಗಿಗೇರಿಸಿ ನಮ್ಮ ಮುಖ ನೋಡುತ್ತಿದ್ದರು. ಉತ್ತರ ಹುಡುಕಲು ನಮಗಿದ್ದ ಗಡುವು ಅದು. ಗಾಜಿನ ಮೇಲೆ ಧೂಳಿದ್ದರೂ ಒರೆಸುತ್ತಿದ್ದರು, ಇಲ್ಲದಿದ್ದರೂ ಒರೆಸುತ್ತಿದ್ದರು. ಎದುರಿಗಿದ್ದವರು ಇನ್ನೂ ತಡವರಿಸುತ್ತಿದ್ದರೆ ಕರವಸ್ತ್ರ ಇನ್ನೊಂದು ಸಲ ಹೊರಗೆ ಬರುತ್ತಿತ್ತು.

ನಮ್ಮದು ಮೈಸೂರಿನ ಒಂಟಿಕೊಪ್ಪಲಿನ ಅಡ್ಡರಸ್ತೆಯೊಂದರಲ್ಲಿ ಹಿಟ್ಟಿನ ಮಿಲ್ಲು. ಮಾವನವರು ಇಟ್ಟದ್ದು. ಯಜಮಾನರು ಬೇರೆ ಕೆಲಸಕ್ಕೆ ಹೋಗುತ್ತಿದ್ದರಿಂದ ಅದು ನನ್ನ ಕೊರಳಿಗೆ ಬಿತ್ತು. ಎದುರು ಮನೆಯ ಮಹಡಿಯಲ್ಲಿ ಕೇಶವಯ್ಯನವರೂ ಅವರ ಹೆಂಡತಿ ಲಲಿತಮ್ಮನವರೂ ಬಾಡಿಗೆಗಿದ್ದರು. ಕೇಶವಯ್ಯನವರ ತಾತ ಅರಮನೆಯಲ್ಲಿ ಬರವಣಿಗೆ ಕೆಲಸದಲ್ಲಿದ್ದರಂತೆ. ಇವರು ಅಂಚೆಯವರು. ಓಡುವ ರೈಲಿನಲ್ಲಿ ನಿಂತುಕೊಂಡೇ ಕಾಗದಗಳನ್ನು ಊರೂರಿನ ಗೂಡಿಗೆ ಹಾಕುತ್ತಾ ಮೂವತ್ತು ಚಿಲ್ಲರೆ ವರ್ಷ ಕಳೆದವರು. "ತಲೆ ತುಂಬ ಗೂಡುಗಳೇ ಕಣಮ್ಮ. ಯಾವ ವಿಷ್ಯ ಸಿಕ್ಕಿದ್ರೂ ಮೊದಲನೇ ಅಕ್ಷರದ ಗೂಡಿಗೇ ಹೋಗಿ ಬೀಳುತ್ತೆ" ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಗೂಡುಗಳು ಹಾಗೇ ಉಳಿದವು, ಹಾಕಲು ಕಾಗದಗಳಿರಲಿಲ್ಲ.

ಒಂದು ಭಾನುವಾರ ಗೋಧಿ ಬೀಸಿಸಲು ಬಂದವರು ರಸ್ತೆಗೆ ಕಾಣುವಂತೆ ನಮ್ಮ ಗೋಡೆಯ ಮೇಲಿದ್ದ ಕರಿಹಲಗೆ ನೋಡಿದರು. ಮಾವನವರು ಬೀಸುವ ದರ ಬರೆಯಲು ತಗುಲಿಹಾಕಿದ್ದ ಹಲಗೆ ಅದು. "ಇಷ್ಟು ಜನ ಸುಮ್ನೆ ಕೂತಿದ್ದಾರಲ್ಲಮ್ಮ" ಎಂದು ಸೀಮೆಸುಣ್ಣ ಕೇಳಿ ಪಡೆದು, ಮೇಲೆ ದೊಡ್ಡದಾಗಿ ಒಂದು 'ಅ' ಬರೆದು, ಕೆಳಗೆ ಐದು ಪ್ರಶ್ನೆ ಬರೆದರು. ಐದಕ್ಕೂ ಉತ್ತರ ಅ ಅಕ್ಷರದಿಂದಲೇ ಶುರುವಾಗಬೇಕು. ಮಿಷನ್ನು ಓಡುವಾಗ ಕೂಗಿದರೂ ಕೇಳುವುದಿಲ್ಲ, ಅದಕ್ಕೇ ಬರೆದದ್ದು. ಅಂದಿನಿಂದ ವಾರಕ್ಕೊಂದು ಅಕ್ಷರ. ಕ ಎಂದರೆ ಕಾ, ಕಿ, ಕೀ ಎಲ್ಲ ಸೇರಿ ಅದರ ಇಡೀ ಬಳಗ. ಯಾವ ಮಾತೂ ಶುರುವಾಗದ ಅಕ್ಷರ ಬಂದ ವಾರ, 'ಣ. ಈ ವಾರ ರಜೆ. ಹಿಟ್ಟು ತೆಗೆದುಕೊಂಡು ನೆಟ್ಟಗೆ ಮನೆಗೆ ಹೋಗುವುದು' ಎಂದು ಬರೆಯುತ್ತಿದ್ದರು.

ಕ ಅಕ್ಷರದ ವಾರ ಒಂದು ಜಗಳವೇ ಆಯಿತು. ಮೈಸೂರಿನವರು ಕುಡಿಯುವುದು ಯಾವ ನದಿಯ ನೀರು ಎಂಬುದು ಪ್ರಶ್ನೆ. ನಮ್ಮ ಬೀದಿಯವರೆಲ್ಲ ಕಾವೇರಿ ಎಂದರು. ರಾಮಕೃಷ್ಣನಗರದಿಂದ ತವರಿಗೆ ಬಂದಿದ್ದ ಒಬ್ಬಾಕೆ ರಾಗಿ ಡಬ್ಬ ಕೆಳಗಿಟ್ಟು, "ನಮ್ಮನೆ ನಲ್ಲೀಲಿ ಬರೋದು ಕಬಿನಿ ಕಣ್ರೀ, ನಮ್ಗೇನು ಗೊತ್ತಿಲ್ವಾ" ಎಂದು ನಿಂತುಬಿಟ್ಟರು. ಕಾವೇರಿಯವರು ಬಿಡಲಿಲ್ಲ, ಕಬಿನಿಯವರು ಜಗ್ಗಲಿಲ್ಲ. ಕೇಶವಯ್ಯನವರು ಕನ್ನಡಕ ಒರೆಸುತ್ತಾ ಎಲ್ಲವನ್ನೂ ಸವಿದು, ಕೊನೆಗೆ "ಎರಡೂ ಸರಿ. ಎರಡೂ ಕುಡಿದೇ ನೀವಿಷ್ಟು ಜೋರಾಗಿರೋದು" ಎಂದರು.

ಅವರದು ಒಂದೇ ಹಟ. ಉತ್ತರ ಹೇಳುತ್ತಿರಲಿಲ್ಲ. ಫೋನು ತೆಗೆದು ನೋಡಿ ಹೇಳಿದವರಿಗೆ, "ಅದು ಫೋನಿನ ಉತ್ತರ. ನಿಮ್ಮದು ಹೇಳಿ" ಎನ್ನುತ್ತಿದ್ದರು. ಯಾರಾದರೂ ಪಕ್ಕದವರಿಗೆ ಪಿಸುಗುಟ್ಟಿದರೆ ಮಾತ್ರ ಮುಖ ಗಂಟಿಕ್ಕುತ್ತಿತ್ತು. "ಬೇರೆಯವರ ಬಾಯಿಗೆ ಮಾತು ತುರುಕಬಾರದಪ್ಪ. ಅವರ ಮಾತು ಅವರಿಗೆ ಸಿಗೋವರೆಗೂ ಕಾಯ್ಬೇಕು. ಕಾಯೋದೇ ಮರ್ಯಾದೆ."

ನನಗೋ ಕಾಯುವುದೆಂದರೆ ಆಗದು. ಬೆಲ್ಟು ತಿರುಗುತ್ತಿರಬೇಕು, ಡಬ್ಬಗಳು ಸರಿಯುತ್ತಿರಬೇಕು. ತ ಅಕ್ಷರದ ವಾರ, ಮರಿಗೆ ಮೊಲೆಯೂಡಿಸುವ, ಎಲ್ಲ ಪ್ರಾಣಿಗಳಿಗಿಂತ ದೊಡ್ಡ ಪ್ರಾಣಿ ಯಾವುದು ಎಂದು ಕೇಳಿದ್ದರು. ನನ್ನ ತಲೆಯಲ್ಲಿ ಆನೆ ಬಿಟ್ಟರೆ ಏನೂ ಇರಲಿಲ್ಲ. "ಹೇಳ್ಬುಡಿ ಸಾರ್, ನಾನು ಒಂಬತ್ತನೇ ಕ್ಲಾಸಿಗೆ ಬುಟ್ಟೋಳು, ನಂಗೆಲ್ಲಿಂದ ಬರ್ಬೇಕು" ಎಂದು ರೇಗಿದೆ. ಅವರು ಕನ್ನಡಕ ಒರೆಸಿ, "ಬರುತ್ತೆ, ಯೋಚ್ನೆ ಮಾಡು" ಎಂದು ಎದ್ದು ಹೋದರು. ಮೂರು ದಿನ ಅವರ ಮೇಲೆ ಕೋಪ ಮಾಡಿಕೊಂಡಿದ್ದೆ. ಬುಧವಾರ ಯಾರದೋ ಜೋಳ ಸುರಿಯುತ್ತಿದ್ದಾಗ ಐದನೇ ಕ್ಲಾಸಿನ ಪುಸ್ತಕದ ಚಿತ್ರವೊಂದು ಕಣ್ಣ ಮುಂದೆ ಬಂತು, ಅದರ ಕೆಳಗಿದ್ದ ಹೆಸರೂ ಬಂತು. ಮಿಷನ್ನು ನಿಲ್ಲಿಸಿ, ರಸ್ತೆ ದಾಟಿ, ಹಿಟ್ಟು ಮೆತ್ತಿದ ಕೈಯಲ್ಲೇ ಅವರ ಮಹಡಿ ಹತ್ತಿ "ತಿಮಿಂಗಿಲ" ಎಂದೆ. ಊಟಕ್ಕೆ ಕೂತಿದ್ದವರು ಎದ್ದು ನಿಂತರು. "ನೋಡಿದ್ಯಾ? ನಿನ್ನ ಗೂಡಲ್ಲೇ ಇತ್ತು. ನಾನು ಹೇಳಿದ್ದಿದ್ರೆ ಅದು ನನ್ನದಾಗಿ ಉಳೀತಿತ್ತು."

ಮುಂದಿನ ಸುತ್ತಿನಲ್ಲಿ ಗ ಬಂದಾಗ ಐದನೇ ಪ್ರಶ್ನೆ ಹೀಗಿತ್ತು: 'ಡಬ್ಬ ನೋಡಿದೊಡನೆ ಅದರಲ್ಲಿ ಎಷ್ಟು ಸೇರು ರಾಗಿ ಇದೆಯೆಂದು ತಪ್ಪದೆ ಹೇಳುವ, ಈ ರಸ್ತೆಯ ಪಂಡಿತರು ಯಾರು?' ಬೀಸಿಸಲು ಬಂದವರೆಲ್ಲ ನನ್ನ ಕಡೆ ತಿರುಗಿ "ಗಿರಿಜಮ್ಮ" ಎಂದರು. ಶಾಲೆಯಲ್ಲಿ ಹಲಗೆಯ ಮೇಲೆ ನನ್ನ ಹೆಸರು ಬರುತ್ತಿದ್ದದ್ದು ಗಲಾಟೆ ಮಾಡಿದವರ ಪಟ್ಟಿಯಲ್ಲಿ ಮಾತ್ರ. ಆ ದಿನ ಮೆಣಸಿನಪುಡಿಯ ಘಾಟು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡೆ. ಬೀಸುತ್ತಿದ್ದದ್ದು ಅಕ್ಕಿ.

ಸ ಅಕ್ಷರದ ಭಾನುವಾರ ಮುಗಿದ ಎರಡು ದಿನಕ್ಕೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಬುದ್ಧಿ ನೆಟ್ಟಗಿತ್ತು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಅವರು ಹೇಳಬೇಕೆಂದುಕೊಂಡ ಪದ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತು ಕಲಿಸುವ ಡಾಕ್ಟರಮ್ಮ ಒಂದು ಉಪಾಯ ಹೇಳಿಕೊಟ್ಟರು. ವಸ್ತು ತೋರಿಸಿ, ಅದರ ಹೆಸರಿನ ಮೊದಲ ಅಕ್ಷರ ನೀವು ಹೇಳಿ, ಉಳಿದದ್ದು ಅವರಿಗೆ ತೋಚುವವರೆಗೂ ಕಾಯಿರಿ. ಲಲಿತಮ್ಮ ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. "ಇಡೀ ಬೀದಿಗೆ ಆಡಿಸಿದ ಆಟ, ಈಗ ಇವರಿಗೇ ಔಷಧ ಆಯ್ತಲ್ಲೇ ಗಿರಿಜಾ" ಎಂದರು.

ನಾನು ದಿನವೂ ಹೋಗುತ್ತಿದ್ದೆ. ಲೋಟ ಹಿಡಿದು "ಲೋ" ಎಂದರೆ ಅವರ ತುಟಿ ನಡುಗಿ ನಡುಗಿ "ಲೋಟ" ಬರುತ್ತಿತ್ತು. ಕೆಲವೊಮ್ಮೆ ಬರುತ್ತಿರಲಿಲ್ಲ. ಸಮುದ್ರದೊಳಗಿನ ಪ್ರಾಣಿಯಿಂದ ಆಕಾಶದ ಗ್ರಹದವರೆಗೆ ಬಲ್ಲ ಮನುಷ್ಯ ಒಂದು ಚಮಚದ ಮುಂದೆ ಬೆವರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ನಾನೇ ಹೇಳಿಬಿಡುತ್ತಿದ್ದೆ. "ಚಮಚ ಸಾರ್, ಚಮಚ." ಕರುಣೆ ಎಂದುಕೊಂಡಿದ್ದೆ. ನನ್ನ ಸಂಕಟ ತಪ್ಪಿಸಿಕೊಳ್ಳಲು ಹಾಗೆ ಮಾಡುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಕೊನೆಯ ಸಲ ಹೋದದ್ದು ಒಂದು ಶುಕ್ರವಾರ. ಹನ್ನೊಂದು ಗಂಟೆಗೆ ಕರೆಂಟು ತೆಗೆಯುತ್ತಾರೆಂದು ತಿಳಿದಿತ್ತು, ಮಿಲ್ಲಿನಲ್ಲಿ ಆರು ಡಬ್ಬ ಕಾದಿದ್ದವು. ಅವರಿಗೆಂದು ಮಾಡಿದ್ದ ರಾಗಿ ಹುರಿಹಿಟ್ಟು ಕೊಟ್ಟು ಬಂದುಬಿಡೋಣವೆಂದು ಹೋದೆ. ಲಲಿತಮ್ಮ ಸ್ನಾನಕ್ಕೆ ಹೋಗಿದ್ದರು. ಕೇಶವಯ್ಯನವರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ನನ್ನನ್ನು ಕಂಡೊಡನೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರು ಯಾವತ್ತೂ ಹಾಗೆ ಹಿಡಿದವರಲ್ಲ.

"ಹ..." ಎಂದರು. "ಹ... ಹ..."

"ಹಾಲು ಬೇಕಾ ಸಾರ್?"

ತಲೆಯಾಡಿಸಿದರು. ಅದಲ್ಲ.

"ಹಸಿವಾ? ಹೊದಿಕೆ ಹೊದ್ಸಲಾ?"

ಅದೂ ಅಲ್ಲ. ಕೈ ಬಿಟ್ಟು, ಮೇಜಿನ ಮೇಲಿದ್ದ ಕನ್ನಡಕವನ್ನು ಬೆರಳಿನಿಂದ ನನ್ನ ಕಡೆ ತಳ್ಳಿದರು. ಹಾಕು ಎನ್ನುತ್ತಿದ್ದಾರೆಂದುಕೊಂಡು ತೆಗೆದು ಅವರ ಮೂಗಿಗೆ ಏರಿಸಿದೆ. ಗಾಜಿನ ಹಿಂದೆ ಕಣ್ಣು ತುಂಬಿತ್ತು. "ಹ..." ಎಂದು ಮತ್ತೆ ತಡಕಾಡಿದರು. ಕೆಳಗಿನಿಂದ ಯಾರೋ "ಗಿರಿಜಮ್ಮ, ಕರೆಂಟ್ ಹೋಯ್ತದೆ" ಎಂದು ಕೂಗಿದರು. ಅಷ್ಟರಲ್ಲಿ ನನಗೆ ಹೊಳೆಯಿತು. ಹಲಗೆಯ ಮೇಲೆ ಸ ಆದ ಮೇಲೆ ಬರಬೇಕಾದದ್ದು ಹ.

"ಗೊತ್ತಾಯ್ತು ಬುಡಿ ಸಾರ್. ಮುಂದಿನ್ ವಾರದ ಅಕ್ಷರ ತಾನೇ? ಈಗ್ಲೇ ಹೋಗಿ ಬರ್ದ್ಬುಡ್ತೀನಿ."

ಅವರು ನನ್ನನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಆಯಿತು ಎಂಬಂತೆ ತಲೆ ಅಲ್ಲಾಡಿಸಿದರು. ನಾನು ಗೆದ್ದವಳ ಹಾಗೆ ಮೆಟ್ಟಿಲಿಳಿದು ಬಂದು ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅವರ ಕಿಟಕಿಗೆ ಕಾಣುವಷ್ಟು ದೊಡ್ಡದಾಗಿ 'ಹ' ಎಂದು ಬರೆದೆ. ಬಾಗಿಲಿಗೆ ಬಂದು ಅದರ ಕಡೆ ಕೈ ತೋರಿಸಿದೆ ಕೂಡ.

ಮಾರನೇ ದಿನ ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಕೇಶವಯ್ಯನವರು ಇರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಲಲಿತಮ್ಮ ಮಿಲ್ಲಿಗೆ ಬಂದು ಬೆಂಚಿನ ಮೇಲೆ, ಕೇಶವಯ್ಯನವರು ಕೂರುತ್ತಿದ್ದ ಜಾಗದಲ್ಲಿ ಕೂತರು. ಹಲಗೆ ನೋಡಿದರು. "ಆ ಶುಕ್ರವಾರ ಸಂಜೆ ನನ್ನ ಹತ್ರಾನೂ ಅದೇ ಅಕ್ಷರ ಕಣಮ್ಮ. ಹ, ಹ ಅಂತಿದ್ರು. ನಾನು ಏನೂ ಕೇಳ್ಳಿಲ್ಲ. ಅವರ ಕನ್ನಡಕ ತೆಗೆದು ಸೆರಗಲ್ಲಿ ಒರೆಸ್ತಾ ಪಕ್ಕದಲ್ಲಿ ಕೂತ್ಕೊಂಡೆ. ಎರಡನೇ ಗಾಜು ಒರೆಸೋ ಅಷ್ಟರಲ್ಲಿ ಬಂತು. 'ಹೆದರಿಕೆ' ಅಂದ್ರು. ಸ್ಪಷ್ಟವಾಗಿ ಅಂದ್ರು. ಐವತ್ತು ವರ್ಷದಲ್ಲಿ ಆ ಮಾತು ಅವರ ಬಾಯಲ್ಲಿ ಕೇಳಿರ್ಲಿಲ್ಲ ನಾನು. ಕೈ ಹಿಡ್ಕೊಂಡೆ. ಆಮೇಲೆ ಸಮಾಧಾನವಾಗಿ ಮಲಗಿದ್ರು."

ನನಗೆ ನೆಮ್ಮದಿಯಾಗಲೆಂದೇ ಹೇಳಿದರು ಆಕೆ. ಬೆಳಿಗ್ಗೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಹಾಲು, ಹಸಿವು, ಹೊದಿಕೆ ಎಂದು ತೋಚಿದ್ದನ್ನೆಲ್ಲ ಕೇಶವಯ್ಯನವರ ಬಾಯಿಗೆ ತುರುಕಿದ್ದೆನಲ್ಲ, ಅಂಥ ಮನುಷ್ಯನಿಗೂ ಹೆದರಿಕೆ ಇದ್ದೀತೆಂದು ನನಗೆ ತೋಚಲೇ ಇಲ್ಲ. ಕನ್ನಡಕವನ್ನು ನನ್ನ ಕಡೆ ತಳ್ಳಿ ಅವರು ಕೇಳಿದ್ದು ಸ್ವಲ್ಪ ಸಮಯ. ಎಲ್ಲರಿಗೂ ತಾವು ಕೊಡುತ್ತಿದ್ದಷ್ಟೇ. ಅದು ಸಿಗದೆ, ಆ ಮಾತನ್ನು ಒಳಗಿಟ್ಟುಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಕಿಟಕಿಯಲ್ಲಿ ಕೂತು ನಾನು ಬರೆದ ದೊಡ್ಡ 'ಹ'ವನ್ನು ನೋಡುತ್ತಿದ್ದರು.

ಹಲಗೆಯನ್ನು ನಾನು ಅಳಿಸಿಲ್ಲ. ಪ್ರಶ್ನೆಗಳೆಲ್ಲಿ ಎಂದು ಹೊಸಬರು ಕೇಳುತ್ತಾರೆ. ಹಳಬರು ಕೇಳುವುದಿಲ್ಲ. ಲಲಿತಮ್ಮ ಮನೆ ಖಾಲಿ ಮಾಡಿ ತಂಗಿಯ ಮನೆಗೆ ರಾಜೀವನಗರಕ್ಕೆ ಹೋಗುವಾಗ ಕೇಶವಯ್ಯನವರ ಕನ್ನಡಕವನ್ನು ನನಗೆ ಕೊಟ್ಟರು. ಹಲಗೆಯ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಮಿಲ್ಲಿನಲ್ಲಲ್ಲವೇ, ಒಂದು ವಾರಕ್ಕೆ ಗಾಜು ಹಿಟ್ಟು ಕೂತು ಬೆಳ್ಳಗಾಗುತ್ತದೆ. ಭಾನುವಾರ ಬೆಳಿಗ್ಗೆ ತೆಗೆದು, ಅವರ ಹಾಗೆಯೇ ಎಡಗಾಜಿಗೆ ಹಬೆ ಹಾಕಿ, ಬಲಗಾಜಿಗೆ ಹಬೆ ಹಾಕಿ, ಒರೆಸಿ, ಬೆಳಕಿಗೆ ಹಿಡಿದು ನೋಡುತ್ತೇನೆ. ಮೊದಲನೇ ಸಲ ಒರೆಸಲು ನಿಂತಾಗ ಮಿಷನ್ನಿಗೆ ಒಂದು ಸೇರು ರಾಗಿ ಸುರಿದಿದ್ದೆ. ಕನ್ನಡಕ ಒರೆಸಿ ಮುಗಿಸಿ ಮೊಳೆಗೆ ಹಾಕಿದರೂ ಆ ಒಂದು ಸೇರು ರಾಗಿ ಇನ್ನೂ ಬೀಸಿ ಮುಗಿದಿರಲಿಲ್ಲ. ಅಷ್ಟೇ ಹೊತ್ತು ಬೇಕಾಗಿದ್ದದ್ದು. ಅಷ್ಟು ಹೊತ್ತು ನಾನು ಕೂರಲಿಲ್ಲ.