ಆಪರೇಷನ್ ಯಾರಿಗೆ?

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ಆದರೆ ಸಂತಾನೋತ್ಪತ್ತಿಯ ಪಾಠ ಬಂದಾಗಲೆಲ್ಲ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚಿಬಿಡುತ್ತಿದ್ದೆ. ಮಕ್ಕಳು ತಲೆ ತಗ್ಗಿಸಿ ನಗುತ್ತಿದ್ದರು, ನನ್ನ ಕಿವಿ ಬಿಸಿಯಾಗುತ್ತಿತ್ತು. ಗಂಡು ಹೆಣ್ಣಿನ ನಡುವೆ ಪ್ರಕೃತಿ ಮಾಡಿದ ಭೇದ ಎಷ್ಟು, ನಾವು ಮಾಡಿಕೊಂಡದ್ದು ಎಷ್ಟು ಎಂದು ಈಗ, ಪಿಂಚಣಿಯ ಕಾಲದಲ್ಲಿ, ಯೋಚಿಸಲು ಕೂತಿದ್ದೇನೆ. ತಡವಾಗಿ ಬುದ್ಧಿ ಬರುವುದು ನಮ್ಮ ವಂಶದ ಗುಣವೋ ಏನೋ.

ಪ್ರಕೃತಿಯ ಪಾಲು ದೊಡ್ಡದೇ, ಒಪ್ಪುತ್ತೇನೆ. ಹೆರುವುದು, ಹಾಲೂಡಿಸುವುದು ಗಂಡಸಿನಿಂದ ಆಗದು. ಆದರೆ ಮಕ್ಕಳು ಸಾಕು ಎಂದು ತೀರ್ಮಾನವಾದ ಮೇಲೆ ಆಪರೇಷನ್ ಯಾರಿಗೆ ಎಂದು ಕೇಳಿದರೆ ಪ್ರಕೃತಿ ಹೆಂಗಸಿನ ಪರವಾಗಿಯೇ ಇದೆ. ಗಂಡಸಿನದು ಚಿಕ್ಕದು, ಬೆಳಿಗ್ಗೆ ಹೋದವನು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಹೆಂಗಸಿನದಕ್ಕೆ ಹೊಟ್ಟೆಯನ್ನೇ ಕೊಯ್ಯಬೇಕು. ಇದು ನಮ್ಮೂರು ನಂದಗುಡಿಯ ಸುತ್ತಮುತ್ತ ನನ್ನಷ್ಟು ಚೆನ್ನಾಗಿ ಗೊತ್ತಿದ್ದವರು ಬಹುಶಃ ಇನ್ನೊಬ್ಬರಿರಲಿಲ್ಲ.

ಆದರೂ ನಮಗೆ ಎರಡನೆಯ ಮಗುವಾದ ಮೇಲೆ ಆಸ್ಪತ್ರೆಗೆ ಹೋದವಳು ನನ್ನ ಹೆಂಡತಿ ಮಂಜುಳ. ನಮ್ಮವ್ವ ಅವಳಿಗೆ ಆಗಲೇ ತೀರ್ಪು ಕೊಟ್ಟಾಗಿತ್ತು: “ಗಂಡಸು ಭಾರ ಎತ್ತೋನು ಕಣಮ್ಮಿ. ಅವ್ನಿಗೆ ಆಪ್ರೇಸನ್ ಮಾಡ್ಸುದ್ರೆ ಸಕ್ತಿ ಉಡುಗೋಗ್ತದೆ.” ನಾನು ಎತ್ತುತ್ತಿದ್ದ ಭಾರವೆಂದರೆ ಹಾಜರಿ ಪುಸ್ತಕ ಮತ್ತು ಸೀಮೆಸುಣ್ಣ. ಹುಲ್ಲಿನ ಹೊರೆಯನ್ನೂ ಡೈರಿಗೆ ಹಾಲಿನ ಕ್ಯಾನನ್ನೂ ಹೊರುತ್ತಿದ್ದವಳು ಮಂಜುಳ. ಹೊಲಿಗೆ ಬಿಚ್ಚಿ ತಿಂಗಳು ತುಂಬುವ ಮೊದಲೇ ಮತ್ತೆ ಅದೇ ಹೊರೆ, ಅದೇ ಕ್ಯಾನು ಹೊತ್ತಳು. ಇವತ್ತಿಗೂ ಸೊಂಟ ಹಿಡಿದುಕೊಂಡೇ ಏಳುತ್ತಾಳೆ. ಅವ್ವನ ಮಾತು ತಪ್ಪೆಂದು ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ಹೆದರಿದ್ದೆ, ಅಷ್ಟೆ.

ಈಗ ಮಗಳು ರೂಪ ಎರಡನೆಯ ಬಾಣಂತನಕ್ಕೆ ನಮ್ಮಲ್ಲಿದ್ದಾಳೆ. ಹೆರಿಗೆಯಲ್ಲಿ ರಕ್ತ ಬಹಳ ಹೋಗಿ ಬಿಳಿಚಿಕೊಂಡಿದ್ದಾಳೆ. ಸದ್ಯಕ್ಕೆ ಇವಳ ಹೊಟ್ಟೆಗೆ ಕತ್ತರಿ ಹಾಕುವುದು ಬೇಡ, ಯಜಮಾನರೇ ಮಾಡಿಸಿಕೊಳ್ಳಲಿ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದಾರೆ. ಆದರೆ ಅಳಿಯ ಕಿರಣನ ಮನೆಯವರು ಆಗಲೇ ಇವಳಿಗೇ ದಿನ ನೋಡಿಯಾಗಿದೆ.

“ಅಪ್ಪ, ನಂಗೆ ಭಯ ಆಗ್ತದೆ. ನೀನು ಸೈನ್ಸ್ ಮೇಷ್ಟ್ರು, ನೀನು ಹೇಳಿದ್ರೆ ಅವ್ರು ಕೇಳ್ತಾರೆ,” ಅಂದಳು ರೂಪ.

ಭಾನುವಾರ ಅಳಿಯ ಬಂದ. ಹೊಸಕೋಟೆಯ ಗೋಡೌನೊಂದರ ಆಫೀಸಿನಲ್ಲಿ ದಿನವಿಡೀ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ, ಒಳ್ಳೆಯ ಹುಡುಗನೇ. ಜಗಲಿಯಲ್ಲಿ ಕೂರಿಸಿಕೊಂಡು, ಜೀವಮಾನದಲ್ಲಿ ಮೊದಲ ಸಲ ಆ ಪಾಠವನ್ನು ಪೂರ್ತಿ ಮಾಡಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದೂ ತೋರಿಸಿದೆ. ಕಿರಣ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡ. ಆಮೇಲೆ, “ಮಾವ, ಬೇಜಾರ್ ಮಾಡ್ಕೋಬೇಡಿ. ನೀವು ಮಾಡಿಸ್ಕೊಂಡಿದ್ರಾ?” ಎಂದ.

“ಇಲ್ಲಪ್ಪ,” ಎಂದೆ. ಅವನು ಕಾಫಿ ಮುಗಿಸಿ ಲೋಟ ಕೆಳಗಿಟ್ಟ. ಹೊರಡಲು ಎದ್ದ.

ಬಾಗಿಲ ಹಿಂದೆ ರೂಪ ನಿಂತಿದ್ದಳು. ಅವನು ಹೋದ ಮೇಲೆ ನನ್ನ ಪಕ್ಕ ಬಂದು ಕೂತು, “ಹೋಗ್ಲಿ ಬಿಡಪ್ಪ, ನಾನೇ ಮಾಡಿಸ್ಕೋತೀನಿ. ಅಮ್ಮ ಮಾಡಿಸ್ಕೊಳ್ಲಿಲ್ವಾ?” ಎಂದು ನನ್ನ ಬೆನ್ನು ಸವರಿದಳು. ಭಯಪಟ್ಟವಳೇ ನನ್ನನ್ನು ಸಮಾಧಾನ ಮಾಡುತ್ತಿದ್ದಳು. ಹೆಣ್ಣಿಗೆ ಈ ಸಹನೆ ಹುಟ್ಟಿನಿಂದಲೇ ಬಂದಿರುತ್ತದೆ ಎಂದು ಯಾರಾದರೂ ಆಣೆ ಮಾಡಿ ಹೇಳಿದರೆ, ಇವತ್ತು ನನ್ನಷ್ಟು ಸಂತೋಷಪಡುವವನು ಇನ್ನೊಬ್ಬನಿರಲಾರ.