ಅಕ್ಕನ ಹೊಳೆ ಸ್ನಾನ

ಭಾರತ ಹುಣ್ಣಿಮೆ, ಬೆಳಗಿನ ಐದೂವರೆ, ಕುಷ್ಟಗಿ. ಹಾಜರಿದ್ದವರು ಮೂವರು: ನಾನು, ಎಂಬತ್ತರ ಹತ್ತಿರದ ನನ್ನ ಅಕ್ಕ, ಕಾರು ನಡೆಸಲು ಅವಳ ಮಗ. ಏಳಕ್ಕೆ ಸ್ನಾನ, ಏಳೂ ಇಪ್ಪತ್ತಕ್ಕೆ ಚಹಾ ಎಂದು ಚೀಟಿಯಲ್ಲಿ ಬರೆದಿಟ್ಟಿದ್ದೆ.

ಕಣ್ಣಿನ ಪೊರೆ ತೆಗೆಸುವಾಗ ಅಕ್ಕ ಹರಕೆ ಹೊತ್ತಿದ್ದಳು. ಕಣ್ಣು ಬಂದರೆ ಹರಿಯುವ ತುಂಗಭದ್ರೆಯಲ್ಲಿ ಮೀಯುವುದು. ಮೀಯುವ ತನಕ ಹನಿ ನೀರೂ ಕುಡಿಯುವಂತಿಲ್ಲ. ಹಿಂದಿನ ರಾತ್ರಿಯಿಂದಲೇ ಉಪವಾಸ.

ಮೊದಲು ಮುನಿರಾಬಾದಿನ ಜಲಾಶಯದ ದಂಡೆಗೆ ಹೋದೆವು. ಕಣ್ಣು ಎಷ್ಟು ಚೊಕ್ಕಟವಾಗಿ ಬಂದಿತ್ತೆಂದರೆ, ಅಕ್ಕ ಕಾರಿನಿಂದ ಇಳಿಯಲೇ ಇಲ್ಲ.

“ಇದು ನಿಂತೈತಲ್ಲೋ ತಮ್ಮಾ.”

“ಒಡ್ಡು ಕಟ್ಟಿ ನಿಲ್ಲಿಸ್ಯಾರಕ್ಕಾ.”

“ನಿಂತ ನೀರಾಗ ಎಮ್ಮಿ ಬೀಳ್ತಾವ. ನಡಿ.”

ಅಣೆಕಟ್ಟಿನ ಕೆಳಗಿನ ಹುಲಿಗಿಗೆ ಬಂದೆವು. ಬೇಸಿಗೆ ಬೆಳೆಗೆಂದು ನೀರನ್ನು ಕಾಲುವೆಗೆ ಬಿಟ್ಟಿದ್ದರು. ನದಿಯಲ್ಲಿ ಉಳಿದದ್ದು ಬಂಡೆ, ಬಂಡೆಗಳ ನಡುವೆ ಮಡು. ಅಕ್ಕ ಒಂದು ಬೇವಿನೆಲೆ ಬಿಟ್ಟು ಕಾದಳು. ಅದು ಅಲ್ಲೇ ಒಂದು ಸುತ್ತು ತಿರುಗಿ ಅವಳ ಕಾಲಿಗೇ ಬಂತು. ತುಂಗೆ ಭದ್ರೆಗಳು ಸೇರುವ ಕೂಡಲಿಯಿಂದ ಕೃಷ್ಣೆಯ ತನಕ ಈ ನದಿಯನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಹರಿಸಿದ ಭೂಗೋಳದ ಮಾಸ್ತರ ನಾನು. ಹಾಗೆಂದು ಹೇಳಿಯೂ ಬಿಟ್ಟೆ.

“ಹಲಗಿ ಮ್ಯಾಲಿನ ಹೊಳ್ಯಾಗ ನೀನ ಜಳಕ ಮಾಡು.”

ಒಂಬತ್ತೂವರೆಯಾಯಿತು. ಅಕ್ಕನ ಮಗ ಫ್ಲಾಸ್ಕಿನ ಮುಚ್ಚಳ ತೆರೆದ.

“ಯವ್ವಾ, ಒಂದ ಗುಟುಕು ಚಾ ಕುಡಿ. ದೇವರು ತಿಳ್ಕೊಂತಾನ,” ಎಂದ ಮಗ.

“ಹರಕಿ ಹೊತ್ತದ್ದು ದೇವರಿಗಲ್ಲ, ಹೊಳಿಗಿ.”

ಆನೆಗೊಂದಿಯ ಹತ್ತಿರವಾದರೂ ಒಂದು ಸೆಳವು ಸಿಕ್ಕೀತೆಂದು ಗಂಗಾವತಿ ರಸ್ತೆ ಹಿಡಿದೆವು. ದಾರಿಯುದ್ದಕ್ಕೂ ಭತ್ತದ ನಾಟಿ ನಡೆದಿತ್ತು. ರಸ್ತೆ ಪಕ್ಕದ ಸಣ್ಣ ಕಾಲುವೆಯಲ್ಲಿ ನೀರು ಸದ್ದು ಮಾಡುತ್ತ ಓಡುತ್ತಿತ್ತು. ಅಕ್ಕ ಕಾರು ನಿಲ್ಲಿಸಲು ಹೇಳಿ, ಬದುವಿನ ಮೇಲೆ ಸಲಿಕೆ ಹಿಡಿದು ನಿಂತಿದ್ದ ರೈತನನ್ನು ಕೇಳಿದಳು.

“ಇದು ಯಾವ ನೀರಪ್ಪಾ?”

“ಹೊಳಿ ನೀರೇ ಅಮ್ಮಾ. ಹೊಳ್ಯಾಗ ಈಗ ಏನಿಲ್ಲ, ಎಲ್ಲಾ ನಮ್ಮ ಗದ್ದ್ಯಾಗೈತಿ.”

“ಅಕ್ಕಾ, ಇದು ಕಾಲುವಿ. ನದಿ ಅಲ್ಲ,” ಎಂದು ನಾನು ತಿದ್ದಿದೆ.

“ಹೊಳಿ ಮನಿ ಬದಲಿ ಮಾಡೈತಿ. ನೀ ಇನ್ನೂ ಹಳೇ ವಿಳಾಸ ಹೇಳ್ಕೋತ ಕುಂತಿ.”

ನಾಟಿಯ ಹೆಣ್ಣುಮಗಳೊಬ್ಬಳು ಅಕ್ಕನ ಕೈ ಹಿಡಿದು ಮೊಣಕಾಲುದ್ದದ ನೀರಿಗೆ ಇಳಿಸಿದಳು. ಗಂಡಸರು ಮೂವರೂ ರಸ್ತೆಗೆ ಮುಖ ಮಾಡಿ ನಿಂತೆವು. ಹಿಂದಿನಿಂದ ಚೊಂಬಿನ ಸದ್ದು ಕೇಳಿಸಿತು, ಆಮೇಲೆ ಇಬ್ಬರು ಹೆಂಗಸರ ನಗು.

ಹನ್ನೊಂದೂ ಹತ್ತಕ್ಕೆ ಅಕ್ಕ ಫ್ಲಾಸ್ಕಿನ ಚಹಾ ಎರಡು ಲೋಟ ಕುಡಿದಳು. ಮೂರನೆಯದು ನನ್ನ ಪಾಲಿನದು, ಅದನ್ನೂ ಕುಡಿದಳು.

ಊರು ಮುಟ್ಟಿದಾಗ ಮೂರು ಗಂಟೆ. ಕಾರಿನ ಹಿಂದಿನ ಸೀಟಿನ ತುಂಬ ಅಕ್ಕನ ಸೀರೆಯಿಂದ ಹತ್ತಿದ ಕೆಸರು. ಅಕ್ಕನ ಮಗ ನೀರು ಹೊಯ್ದ, ನಾನು ತಿಕ್ಕಿದೆ. ನಾಲ್ಕಕ್ಕೆ ಮುಗಿಯಿತು.