ಕಣದಲ್ಲಿ ಹೂತ ಕರಟ

ಮೊನ್ನೆ ಮರಳೂರಿನಲ್ಲಿ ಯಾರದೋ ಗೃಹಪ್ರವೇಶ. ಬಾಗಿಲ ಮುಂದೆ ಹಸಿ ಸಗಣಿ ಸಾರಿಸಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಲೆಯ ಮುಂದೆ ಕೂತವಳಿಗೆ ನಮ್ಮ ಹಳೆಯ ಕಣವೇ ಕಣ್ಮುಂದೆ ಬಂತು. ಇಂಥದ್ದೊಂದು ವಾಸನೆ ನಿಮಗೂ ಇದ್ದೀತು. ಹುಲಿಯೂರುದುರ್ಗದ ಬಳಿಯಿದ್ದ ನಮ್ಮ ಮನೆ ಈಗಿಲ್ಲ, ಅದರ ಕಣವೂ ಇಲ್ಲ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ರಾಗಿ ಒಕ್ಕಣೆ ಮುಗಿದ ಮೇಲೆ ದೊಡ್ಡಪ್ಪ ಕಣವನ್ನು ಮಟ್ಟ ಮಾಡಿ, ತೆಳ್ಳಗೆ ಕಲಸಿದ ಸಗಣಿಯಿಂದ ತಾವೇ ಸಾರಿಸಿ, ನಡುವೆ ತೆಂಗಿನ ಕರಟವೊಂದನ್ನು ಅಂಚು ನೆಲಕ್ಕೆ ಸಮವಾಗುವಂತೆ ಹೂಳುತ್ತಿದ್ದರು. ನಗಬೇಡಿ, ಅದು ನಮ್ಮ ಗಾಲ್ಫ್ ಮೈದಾನ.

ದೊಡ್ಡಪ್ಪ ಬೆಂಗಳೂರಿನ ಗಾಲ್ಫ್ ಕ್ಲಬ್ಬೊಂದರಲ್ಲಿ ಮೂವತ್ತು ವರ್ಷ ಹುಲ್ಲು ಕತ್ತರಿಸಿದವರು. ಹೆಂಡತಿ ಮಕ್ಕಳಿಲ್ಲ. ದಮ್ಮು ಹತ್ತಿ ಊರಿಗೆ ಮರಳುವಾಗ ತಂದದ್ದು ಒಂದು ಟ್ರಂಕು, ನಾಲ್ಕು ಚೆಂಡು, ಯಾರೋ ಬಿಸಾಡಿದ ಪಟ್ಟರ್, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಕೋಲು. ತಾವು ಕತ್ತರಿಸಿದ ಹುಲ್ಲಿನ ಮೇಲೆ ತಮ್ಮ ಮನೆಯ ಹುಡುಗಿ ಆಡಬೇಕು, ಅದೊಂದೇ ಅವರ ಹಟ. ಅಕ್ಕ ಗಿರಿಜೆ ಆಗ ಒಂಬತ್ತನೇ ಕ್ಲಾಸು, ನಾನು ಐದು. "ಹೊಡದ್ಮೇಲೆ ತಲೆ ಎತ್ಬೇಡ ಕಣೇ. ಎತ್ತಿದ್ರೆ ಭುಜ ತಿರುಗ್ತದೆ. ಕರಟಕ್ಕೆ ಬಿದ್ದ ಸದ್ದು ಕೇಳೋಗಂಟ ನೆಲಾನೇ ನೋಡ್ತಿರು" ಎನ್ನುತ್ತಿದ್ದರು. ಚೆಂಡು ಗರಗರ ಉರುಳಿ ಟೊಕ್ ಎಂದು ಬೀಳುವವರೆಗೆ ಅಕ್ಕ ಬಾಗಿಯೇ ಇರುತ್ತಿದ್ದಳು. ಹತ್ತು ಹೆಜ್ಜೆ ದೂರದಿಂದಲೂ ತಪ್ಪಿದ್ದು ಅಪರೂಪ. "ಅಲ್ಲಿ ಹುಲ್ಲು ಅಲ್ವಾ ದೊಡ್ಡಪ್ಪ?" ಎಂದು ನಾನು ಕೇಳಿದರೆ, "ನಾನ್ ಕತ್ತರಿಸಿದ್ ಹುಲ್ಲಿನ್ ಮೇಲೂ ಚೆಂಡು ಈ ಕಣದಲ್ಲಿ ಓಡ್ದಂಗೇ ಓಡ್ತದೆ, ಸುಮ್ಕಿರು" ಎಂದು ಗದರುವರು.

ದೊಡ್ಡಪ್ಪ ಹಳೆಯ ಗುರುತಿನವರನ್ನು ಕಾಡಿ ಬೇಡಿ, ಅದೇ ಕ್ಲಬ್ಬಿನವರು ಮಕ್ಕಳ ತರಬೇತಿಗೆ ನಡೆಸುವ ಆಯ್ಕೆಗೆ ಅಕ್ಕನ ಹೆಸರು ಬರೆಸಿದರು. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ ಮೂವರೂ ಹೋದೆವು. ಹಿಂದಿನ ದಿನ ಮಳೆಯಾಗಿತ್ತು, ಹುಲ್ಲು ಕತ್ತರಿಸುವವರೂ ಈಗ ಬೇರೆ. ಮೊದಲ ಸರದಿಯೇ ಅಕ್ಕನದು. ಅವಳ ಚೆಂಡು ಒದ್ದೆ ಹುಲ್ಲಿನಲ್ಲಿ ಅರ್ಧ ದಾರಿಗೇ ನಿಂತುಬಿಟ್ಟಿತು. ಅದು ಅವಳಿಗೆ ಗೊತ್ತಿಲ್ಲ! ಸದ್ದು ಬರಲೆಂದು ತಲೆ ತಗ್ಗಿಸಿ ನಿಂತೇ ಇದ್ದಳು. ಆಯ್ಕೆಗೆ ಬಂದಿದ್ದ ಬೂಟು ಹಾಕಿದ ಮಕ್ಕಳೆಲ್ಲ ಕಿಸಿಕಿಸಿ ನಕ್ಕರು. ಅಯ್ಯೋ, ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮರಳುವಾಗ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಪ್ಪ, "ತಪ್ಪು ನಂದೇ ಕಣವ್ವ" ಅಂದರು. "ನಿನ್ ಸಗಣಿ ನೆಲ ನನ್ ಮಾನ ಕಳೀತು" ಎಂದ ಅಕ್ಕ ಆಮೇಲೆ ಅವರೊಡನೆ ಮಾತಾಡಲಿಲ್ಲ. ಪಟ್ಟರ್ ಅಟ್ಟ ಸೇರಿತು.

ಮುಂದಿನ ಬೇಸಿಗೆಯ ಹೊತ್ತಿಗೆ ದೊಡ್ಡಪ್ಪ ಹಾಸಿಗೆ ಹಿಡಿದರು. ಕಣದ ಕಡೆಯ ಕಿಟಕಿಯ ಕೆಳಗೆ ಮಲಗಿ, "ಗಿರಿಜೆ ಆಡ್ತಾಳಾ?" ಎಂದು ದಿನಾ ಕೇಳುವರು. ತಡೆಯಲಾರದೆ ಒಂದು ಸಂಜೆ ನಾನು ಚೆಂಡನ್ನು ಕೈಯಿಂದಲೇ ಕರಟಕ್ಕೆ ಹಾಕಿದೆ. ಟೊಕ್. "ಅಕ್ಕ ಹಾಕಿದ್ಲು ದೊಡ್ಡಪ್ಪ!" ಎಂದು ಕೂಗಿದೆ. ಒಳಗಿನಿಂದ, "ಉರುಳಿದ ಸದ್ದೇ ಬರ್ಲಿಲ್ವಲ್ಲ ಪುಟ್ಟಿ" ಎಂಬ ಮಾತು ಬಂತು. ಒಲೆಯ ಮುಂದಿದ್ದ ಅಕ್ಕನಿಗೂ ಅದು ಕೇಳಿಸಿತು. ಸರಸರ ಅಟ್ಟ ಹತ್ತಿ ಪಟ್ಟರ್ ತಂದಳು, ಹತ್ತು ಹೆಜ್ಜೆ ಎಣಿಸಿ ನಿಂತಳು. ಚೆಂಡು ಗರಗರ ಉರುಳಿ ಕರಟಕ್ಕೆ ಬಿತ್ತು. "ಕೇಳಿಸ್ತಾ ದೊಡ್ಡಪ್ಪ?" ಅಂದಳು, ಬಾಗಿಕೊಂಡೇ. ಕಿಟಕಿಯಿಂದ ಒಂದು ಕೆಮ್ಮೂ ಬರಲಿಲ್ಲ. ನಾನು ಒಳಗೆ ಓಡಿ, ಉಸಿರು ನಿಂತಿದ್ದ ಅವರ ಮುಖ ನೋಡಿ, ಬಾಗಿಲಿಗೆ ಬಂದು ನಿಂತೆ. ಕಣದಲ್ಲಿ ಅಕ್ಕ ಇನ್ನೂ ತಲೆ ಎತ್ತಿರಲಿಲ್ಲ.